ತಿದ್ದಿದ ಚಿತ್ರ, ಹಿಂತೆಗೆದ ಪ್ರಬಂಧ

ಕೃಷಿ ಮೇಳದ ದಿನಗಳಲ್ಲಿ ಬಳ್ಳಾರಿ ರಸ್ತೆಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೊರಟರೆ ಎಡಗಡೆಗೆ ಸಿಗುವ ಜಿ.ಕೆ.ವಿ.ಕೆ. ಆವರಣದ ಬಾಗಿಲಲ್ಲಿ ತುಮಕೂರು, ಕೋಲಾರದ ರೈತರು ಇಳಿಯುತ್ತಾರೆ, ಆರ್.ಟಿ. ನಗರ, ಯಶವಂತಪುರದ ಶಾಲಾ ಮಕ್ಕಳೂ ಮೇಷ್ಟರ ಹಿಂದೆ ಸಾಲಾಗಿ ಇಳಿಯುತ್ತಾರೆ. ಹೊಸ ರಾಗಿ ತಳಿ, ಹನಿ ನೀರಾವರಿ, ಜೇನುಪೆಟ್ಟಿಗೆ ಎಲ್ಲವನ್ನೂ ನೋಡಿ, ಒಂದಷ್ಟು ಸಸಿ ಕೊಂಡು ಮರಳುವ ಇವರಲ್ಲಿ ಹೆಚ್ಚಿನವರಿಗೆ ಅದೇ ಆವರಣದೊಳಗೆ ಇನ್ನೊಂದು ಸಂಸ್ಥೆ ಇದೆಯೆಂಬುದು ತಿಳಿದಿರುವುದಿಲ್ಲ. ಅದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್.ಸಿ.ಬಿ.ಎಸ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗ. ಹಣ್ಣಿನ ನೊಣ ವಾಸನೆಯನ್ನೂ ರುಚಿಯನ್ನೂ ಹೇಗೆ ಗುರುತಿಸುತ್ತದೆ ಎಂಬುದರ ಬೆನ್ನು ಹತ್ತಿದ್ದ ಒಬೈದ್ ಸಿದ್ದಿಕಿ ಅವರು ಕಟ್ಟಿದ ಸಂಸ್ಥೆ ಇದು. ಜೀವಿಗಳ ಬಗ್ಗೆ ಅತಿ ಸೂಕ್ಷ್ಮವಾದ ಪ್ರಶ್ನೆಗಳನ್ನು ಕೇಳುವವರು ದೇಶದ ನಾನಾ ಮೂಲೆಗಳಿಂದ ಇಲ್ಲಿಗೆ ಬರುತ್ತಾರೆ. ಬಿ.ಎಸ್ಸಿ. ಮುಗಿಸಿದ ಅನೇಕರಿಗೆ ಇಲ್ಲಿ ಪಿಎಚ್.ಡಿ. ಸೀಟು ಸಿಗುವುದೆಂದರೆ ದೊಡ್ಡ ಕನಸು.

2020ರ ಅಕ್ಟೋಬರ್‌ನಲ್ಲಿ ಈ ಸಂಸ್ಥೆಯ ಒಂದು ಪ್ರಯೋಗಾಲಯದಿಂದ ಹೊರಟ ಪ್ರಬಂಧ 'ನೇಚರ್ ಕೆಮಿಕಲ್ ಬಯಾಲಜಿ' ಎಂಬ ಪ್ರತಿಷ್ಠಿತ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಕಬ್ಬಿಣದ ಅಂಶವನ್ನು ಗುರುತಿಸಬಲ್ಲ ಆರ್‌ಎನ್‌ಎ ಅಣುಗಳನ್ನು ಬ್ಯಾಕ್ಟೀರಿಯಾಗಳಲ್ಲಿ ಪತ್ತೆ ಮಾಡಿದ್ದೇವೆ ಎಂಬುದು ಅದರ ಸಾರ. ಇಂಥ ಪತ್ರಿಕೆಯಲ್ಲಿ ಭಾರತದ ಪ್ರಯೋಗಾಲಯದ ಹೆಸರು ಬಂದಾಗ ಸಂತೋಷಪಡುವವರು ಬಹಳ ಮಂದಿ. ಆದರೆ ವರ್ಷ ತುಂಬುವ ಮೊದಲೇ, 2021ರ ಮಧ್ಯದಲ್ಲಿ, ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಅದರಲ್ಲಿ ಅಚ್ಚಾಗಿದ್ದ ಕೆಲವು ಪ್ರಯೋಗಚಿತ್ರಗಳನ್ನು ತಿದ್ದಲಾಗಿದೆ, ಆದ್ದರಿಂದ ಅವುಗಳ ಮೇಲೆ ನಿಂತ ತೀರ್ಮಾನಗಳನ್ನು ನೆಚ್ಚುವಂತಿಲ್ಲ ಎಂಬುದು ಕಾರಣ. ಅನುಮಾನ ಮೊದಲು ಎದ್ದದ್ದು ಪ್ರಬಂಧ ಓದಿದ ಹೊರಗಿನವರಲ್ಲಿ. ಆಮೇಲೆ ಸಂಸ್ಥೆಯೂ ವಿಚಾರಣೆ ನಡೆಸಿತು. ತಪ್ಪು ಯಾರದು, ಹೊಣೆ ಎಷ್ಟು ಜನರದು ಎಂಬ ಬಗ್ಗೆ ಆಗ ಪತ್ರಿಕೆಗಳಲ್ಲೂ ಬೇಕಾದಷ್ಟು ಚರ್ಚೆಯಾಯಿತು. ಆ ಹೆಸರುಗಳ ಪಟ್ಟಿ ಇಲ್ಲಿ ಬೇಕಾಗಿಲ್ಲ. ವಿಜ್ಞಾನ ಓದುತ್ತಿರುವ ಹುಡುಗ ಹುಡುಗಿಯರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಪುಟಗಟ್ಟಲೆ ಬರಹವಿರುವ ಪ್ರಬಂಧದಲ್ಲಿ ಕೆಲವು ಚಿತ್ರಗಳು ಕೆಟ್ಟರೆ ಇಡೀ ಪ್ರಬಂಧವೇ ಏಕೆ ಬೀಳಬೇಕು?

ಇದಕ್ಕೆ ಉತ್ತರ ಹುಡುಕಲು ಆ ಚಿತ್ರಗಳು ಎಂಥವು ಎಂಬುದನ್ನು ಮೊದಲು ತಿಳಿಯಬೇಕು.

ಕಬ್ಬಿಣ ನಮ್ಮ ರಕ್ತಕ್ಕೆ ಬೇಕು ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಬ್ಯಾಕ್ಟೀರಿಯಾಗಳಿಗೂ ಅದು ಬೇಕು. ಆದರೆ ಅತಿಯಾದರೆ ಅದೇ ಕಬ್ಬಿಣ ಜೀವಕೋಶದೊಳಗೆ ವಿಷದಂತೆ ವರ್ತಿಸುತ್ತದೆ. ಆಮ್ಲಜನಕದೊಡನೆ ಸೇರಿ ಕಂಡಕಂಡದ್ದನ್ನು ಸುಡುವಂಥ ಉಗ್ರ ಕಣಗಳನ್ನು ಹುಟ್ಟಿಸುತ್ತದೆ. ಹಾಗಾಗಿ ಪ್ರತಿ ಬ್ಯಾಕ್ಟೀರಿಯಾವೂ ತನ್ನೊಳಗೆ ಕಬ್ಬಿಣ ಎಷ್ಟಿದೆ ಎಂದು ಸದಾ ಅಳೆಯುತ್ತಿರಬೇಕು. ಹೆಚ್ಚಾದರೆ ಹೊರಹಾಕುವ ಪಂಪು ಚಾಲೂ ಮಾಡಬೇಕು, ಕಡಿಮೆಯಾದರೆ ಒಳಗೆ ಎಳೆದುಕೊಳ್ಳಬೇಕು. ಈ ಅಳೆಯುವ ಕೆಲಸ ಪ್ರೋಟೀನುಗಳದ್ದು ಎಂಬುದು ಹಳೆಯ ತಿಳಿವಳಿಕೆ, ಅದು ಸರಿಯೂ ಹೌದು.

ಆರ್‌ಎನ್‌ಎ ಎಂದರೆ ಡಿಎನ್‌ಎ ಎಂಬ ಮೂಲ ಕಡತದಿಂದ ನಕಲು ಮಾಡಿಕೊಂಡ ಚೀಟಿ. ಆ ಚೀಟಿಯನ್ನು ಓದಿ ಜೀವಕೋಶ ಪ್ರೋಟೀನು ತಯಾರಿಸುತ್ತದೆ. ಚೀಟಿ ಎಂದರೆ ಚೀಟಿ, ಅದಕ್ಕೆ ಸ್ವಂತ ಬುದ್ಧಿ ಎಲ್ಲಿಂದ ಬರಬೇಕು ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. 2002ರಲ್ಲಿ ಈ ನಂಬಿಕೆ ಅಲುಗಾಡಿತು. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಚೀಟಿಯ ತಲೆಭಾಗವೇ ಒಂದು ವಿಶಿಷ್ಟ ಆಕಾರಕ್ಕೆ ಮಡಚಿಕೊಂಡು, ವಿಟಮಿನ್‌ನಂಥ ಚಿಕ್ಕ ಅಣುವೊಂದನ್ನು ಹಿಡಿದು, 'ಇನ್ನು ನನ್ನನ್ನು ಓದುವುದು ಬೇಡ' ಎಂದು ತಾನೇ ತೀರ್ಮಾನಿಸುತ್ತದೆಂಬುದು ಗೊತ್ತಾಯಿತು. ಬಿ-1, ಬಿ-12 ವಿಟಮಿನ್‌ಗಳಿಗೆ ಇಂಥ ಸ್ವಿಚ್‌ಗಳಿವೆ. ಅವುಗಳಿಗೆ ರೈಬೋಸ್ವಿಚ್ ಎಂದು ಹೆಸರಾಯಿತು. ಕಬ್ಬಿಣಕ್ಕೂ ಇಂಥದೊಂದು ಸ್ವಿಚ್ ಇದೆ ಎಂಬುದು ಬೆಂಗಳೂರಿನ ಆ ಪ್ರಬಂಧದ ವಾದ.

ವಾದ ಮಾಡಿದರಾಯಿತೇ, ತೋರಿಸಬೇಡವೇ? ರೈಬೋಸ್ವಿಚ್ ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಪರೀಕ್ಷಿಸುವ ಒಂದು ಪ್ರಸಿದ್ಧ ವಿಧಾನ ಹೀಗಿದೆ. ಆರ್‌ಎನ್‌ಎ ಎಳೆ ಬಹಳ ಬೇಗ ಮುರಿಯುವ ಸ್ವಭಾವದ್ದು. ಸುಮ್ಮನೆ ಒಂದೆರಡು ದಿನ ಕೊಳವೆಯಲ್ಲಿ ಬಿಟ್ಟರೂ ಸಡಿಲವಾಗಿರುವ ಜಾಗಗಳಲ್ಲಿ ತಾನಾಗಿಯೇ ತುಂಡಾಗುತ್ತದೆ; ಬಿಗಿಯಾಗಿ ಮಡಚಿಕೊಂಡ ಜಾಗಗಳಲ್ಲಿ ತುಂಡಾಗುವುದಿಲ್ಲ. ಕಬ್ಬಿಣವನ್ನು ಹಿಡಿದುಕೊಂಡ ಕೂಡಲೇ ಎಳೆ ಬಿಗಿಯುತ್ತದೆ ಎನ್ನುವುದಾದರೆ, ಕಬ್ಬಿಣ ಹಾಕಿದ ಕೊಳವೆಯಲ್ಲಿ ತುಂಡುಗಳ ನಮೂನೆ ಬದಲಾಗಬೇಕು. ಇದರಲ್ಲಿ ಇನ್ನೊಂದು ತೊಡಕೂ ಇದೆ. ಪ್ರಯೋಗಶಾಲೆಯಲ್ಲಿ ಫೆರಸ್ ಸಲ್ಫೇಟಿನ ತಿಳಿಹಸಿರು ದ್ರಾವಣ ಗಾಳಿಗೆ ತೆರೆದಿಟ್ಟರೆ ಕಂದುಹಳದಿಗೆ ತಿರುಗುವುದನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಫೆರಸ್ ಹೋಗಿ ಫೆರಿಕ್ ಆಯಿತೆಂದರೆ ಪ್ರಯೋಗವೇ ಕೆಟ್ಟಿತು. ಆದ್ದರಿಂದ ಕಬ್ಬಿಣದ ಇಂಥ ಪ್ರಯೋಗಗಳನ್ನು ಆಮ್ಲಜನಕ ಸುಳಿಯದ ಪೆಟ್ಟಿಗೆಯೊಳಗೆ, ಕೈಗವಸಿನ ಮೂಲಕ ಕೈತೂರಿಸಿ ಮಾಡಬೇಕಾಗುತ್ತದೆ. ಒಂದು ಸಲ ಕೆಟ್ಟರೆ ವಾರಗಟ್ಟಲೆ ದುಡಿಮೆ ನೀರುಪಾಲು.

ತುಂಡುಗಳನ್ನು ಅಳತೆಗೆ ತಕ್ಕಂತೆ ಬೇರ್ಪಡಿಸಲು ಜೆಲ್ ಎಂಬ ಲೋಳೆಯಂಥ ಹಾಳೆ ಬೇಕು. ಕಡಲ ಪಾಚಿಯಿಂದ ಮಾಡುವ ಚೀನಾ ಹುಲ್ಲನ್ನು ಕುದಿಸಿ ಆರಿಸಿದರೆ ಅಡುಗೆಮನೆಯಲ್ಲಿ ಗಟ್ಟಿಯಾಗುತ್ತದಲ್ಲ, ಅದೇ ಬಗೆಯ ಪದಾರ್ಥ ಎಂದುಕೊಳ್ಳಿ. ಆರ್‌ಎನ್‌ಎಯ ಚಿಕ್ಕ ತುಂಡುಗಳಿಗೆ ಬಳಸುವುದು ಮಾತ್ರ ಇನ್ನೂ ಸಣ್ಣ ರಂಧ್ರಗಳ ಕೃತಕ ಜೆಲ್. ಅದರ ಒಂದು ತುದಿಯಲ್ಲಿ ಆರ್‌ಎನ್‌ಎ ಹಾಕಿ ವಿದ್ಯುತ್ ಹರಿಸಿದರೆ, ಋಣ ವಿದ್ಯುದಂಶವಿರುವ ತುಂಡುಗಳು ಧನ ಧ್ರುವದ ಕಡೆಗೆ ಹೊರಡುತ್ತವೆ. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಈರುಳ್ಳಿ ಮೂಟೆ ಹೊತ್ತ ಹಮಾಲ ಜನಜಂಗುಳಿಯಲ್ಲಿ ಹೆಜ್ಜೆ ಹೆಜ್ಜೆಗೂ ತಡೆದು ಸಾಗುತ್ತಾನೆ. ಬರಿಗೈಯ ಹುಡುಗ ಸಂದಿಗೊಂದಿಯಲ್ಲಿ ನುಸುಳಿ ಆಚೆ ತುದಿ ಸೇರಿಬಿಡುತ್ತಾನೆ. ಹಾಗೆಯೇ ಸಣ್ಣ ತುಂಡುಗಳು ದೂರಕ್ಕೂ ದೊಡ್ಡವು ಹತ್ತಿರಕ್ಕೂ ಬಂದು ನಿಲ್ಲುತ್ತವೆ. ಕೊನೆಗೆ ಅದರ ಚಿತ್ರ ತೆಗೆದರೆ ಏಣಿಯ ಮೆಟ್ಟಿಲುಗಳಂತೆ ಕಪ್ಪು ಪಟ್ಟಿಗಳು ಕಾಣುತ್ತವೆ. ಒಂದು ಸಾಲು ಕಬ್ಬಿಣ ಹಾಕದ್ದು, ಪಕ್ಕದ ಸಾಲು ಸ್ವಲ್ಪ ಹಾಕಿದ್ದು, ಅದರ ಪಕ್ಕದ್ದು ಇನ್ನಷ್ಟು. ಯಾವ ಪಟ್ಟಿ ಮಸುಕಾಯಿತು, ಯಾವುದು ದಟ್ಟವಾಯಿತು ಎಂಬುದರಲ್ಲೇ ಉತ್ತರ ಅಡಗಿರುತ್ತದೆ.

ಚಿತ್ರ ಎಂದರೆ ಪಾಠದ ಪಕ್ಕದಲ್ಲಿ ಅಂದಕ್ಕೆ ಹಾಕುವ ಹೂವಿನ ಚಿತ್ರ ಎಂದು ಭಾವಿಸಿದವರಿಗೆ ಈಗ ವ್ಯತ್ಯಾಸ ತಿಳಿದಿರಬೇಕು. ಇಲ್ಲಿ ಚಿತ್ರವೇ ಫಲಿತಾಂಶ. ಪ್ರಬಂಧದ ಪುಟಗಟ್ಟಲೆ ಬರಹವೆಲ್ಲ ಆ ಕಪ್ಪು ಪಟ್ಟಿಗಳು ಏನು ಹೇಳುತ್ತವೆ ಎಂಬುದರ ವಿವರಣೆ ಮಾತ್ರ.

ಮದುವೆ ಆಲ್ಬಮ್ಮಿನ ಫೋಟೋದಲ್ಲಿ ಮದುವಣಗಿತ್ತಿಯ ಕೆನ್ನೆಯ ಮೊಡವೆಯನ್ನು ಸ್ಟುಡಿಯೋದವರು ಅಳಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಮಾಡುತ್ತಿದ್ದುದನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಅಷ್ಟೆ. ಅದು ಅಂದದ ವಿಷಯ. ಆದರೆ ಜಮೀನಿನ ಪಹಣಿಯಲ್ಲಿ ಸರ್ವೆ ನಂಬರಿನ ಮೇಲೆ ಬಿಳಿ ಬಣ್ಣ ಹಚ್ಚಿ ತಿದ್ದಿ ಬರೆದಿದ್ದರೆ? ಆ ಜಮೀನು ನಿಜವಾಗಿಯೂ ಅವನದೇ ಇರಬಹುದು, ತಾತನ ಕಾಲದಿಂದ ಉಳುತ್ತಿರಲೂಬಹುದು. ಆದರೂ ತಿದ್ದಿದ ಪಹಣಿಯನ್ನು ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಪ್ರಯೋಗದ ಚಿತ್ರ ಪಹಣಿಯ ಜಾತಿಗೆ ಸೇರಿದ್ದು, ಆಲ್ಬಮ್ಮಿನ ಜಾತಿಗಲ್ಲ.

ಹಾಗೆಂದು ಚಿತ್ರವನ್ನು ಮುಟ್ಟಲೇಬಾರದು ಎಂಬ ನಿಯಮವೇನೂ ಇಲ್ಲ. ಇಡೀ ಚಿತ್ರವನ್ನು ಒಂದೇ ಸಮನೆ ಸ್ವಲ್ಪ ಬೆಳ್ಳಗೆ ಅಥವಾ ಕಪ್ಪಗೆ ಮಾಡಬಹುದು. ಬೇಡದ ಅಂಚು ಕತ್ತರಿಸಬಹುದು. ಬೇರೆ ಬೇರೆ ಜೆಲ್‌ಗಳ ಸಾಲುಗಳನ್ನು ಪಕ್ಕಪಕ್ಕದಲ್ಲಿ ಇಡಬೇಕಾದರೆ ನಡುವೆ ಗೆರೆ ಎಳೆದು, ಇವು ಬೇರೆ ಬೇರೆ ಎಂದು ಬರೆಯಬೇಕು. ಮಸುಕಾದ ಒಂದೇ ಒಂದು ಪಟ್ಟಿಯನ್ನು ಮಾತ್ರ ದಟ್ಟ ಮಾಡುವುದು, ಬೇಡದ ಪಟ್ಟಿಯ ಮೇಲೆ ಹಿನ್ನೆಲೆಯ ಬಣ್ಣ ಬಳಿಯುವುದು, ಒಂದು ಸಾಲನ್ನು ನಕಲು ಮಾಡಿ ಇನ್ನೊಂದು ಪ್ರಯೋಗದ ಹೆಸರಿನಲ್ಲಿ ಅಂಟಿಸುವುದು — ಇವು ಕೂಡದು. ಬಹುಪಾಲು ತಕರಾರುಗಳು ಈ ಮೂರರಲ್ಲಿ ಯಾವುದಾದರೂ ಒಂದಕ್ಕೆ ಸೇರಿದವು.

ಇನ್ನು ಕಬ್ಬಿಣದ ವಿಷಯ. ಪ್ರಬಂಧ ಹಿಂದಕ್ಕೆ ಹೋಯಿತೆಂದರೆ ಅದರಲ್ಲಿ ಹೇಳಿದ್ದೆಲ್ಲ ಸುಳ್ಳು ಎಂದಾಯಿತೇ? ಇಲ್ಲೇ ಬಹಳ ಜನ ಎಡವುವುದು. ಅದೇ 2020ರಲ್ಲಿ, ಬೆಂಗಳೂರಿನ ಪ್ರಬಂಧಕ್ಕಿಂತ ಮೊದಲೇ, ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಬೇರೆ ರೀತಿಯ ಅಳತೆಗಳಿಂದ ಇಂಥದೇ ಮಾತು ಹೇಳಿದ್ದರು. ನಿಕ್ಕಲ್ ಮತ್ತು ಕೋಬಾಲ್ಟ್ ಗುರುತಿಸುತ್ತದೆ ಎಂದು ಹೆಸರಾಗಿದ್ದ ರೈಬೋಸ್ವಿಚ್ ಒಂದು ಕಬ್ಬಿಣಕ್ಕೂ ಪ್ರತಿಕ್ರಿಯೆ ತೋರುತ್ತದೆ ಎಂಬುದು ಅವರ ಪ್ರಬಂಧದ ಸಾರ. ಅಂದಮೇಲೆ ಆರ್‌ಎನ್‌ಎ ಕಬ್ಬಿಣವನ್ನು ಗುರುತಿಸಬಲ್ಲುದು ಎಂಬ ಯೋಚನೆ ಹುಚ್ಚು ಯೋಚನೆಯೇನೂ ಅಲ್ಲ. ಆದರೆ ಅದಕ್ಕೆ ಸಾಕ್ಷಿ ಹೇಳಲು ಬೆಂಗಳೂರಿನ ಆ ಚಿತ್ರಗಳು ಬರುವ ಹಾಗಿಲ್ಲ. ಸಂಗತಿ ನಿಜವೇ ಇದ್ದರೂ ಸಾಕ್ಷಿ ಕೆಟ್ಟಿದ್ದರೆ ಸಾಕ್ಷಿ ಕೆಟ್ಟದ್ದೇ. ಬಹುಶಃ ಇಂಥ ಕಡೆಯೇ ಅಪಾಯ ಹೆಚ್ಚು. 'ಹೇಗೂ ಇದು ಸರಿಯೇ, ಈ ಸಲ ಪಟ್ಟಿ ಸರಿಯಾಗಿ ಬಂದಿಲ್ಲ ಅಷ್ಟೆ' ಎಂದು ಒಮ್ಮೆ ಅನ್ನಿಸಿಬಿಟ್ಟರೆ ಕೈ ಕಂಪ್ಯೂಟರಿನ ಕಡೆಗೆ ತಾನಾಗಿ ಹೋಗುತ್ತದೆ.

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಕಸುಬಾಗಿ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ 'ಜರ್ನಲ್ ಆಫ್ ಸೆಲ್ ಬಯಾಲಜಿ' 2002ರಲ್ಲೇ, ತಾನು ಪ್ರಕಟಣೆಗೆ ಒಪ್ಪಿದ ಪ್ರತಿ ಪ್ರಬಂಧದ ಚಿತ್ರಗಳನ್ನೂ ಅಚ್ಚಿಗೆ ಮೊದಲು ಪರೀಕ್ಷಿಸುವ ಪದ್ಧತಿ ಆರಂಭಿಸಿತು. ಸುಮಾರು ಕಾಲು ಭಾಗದಷ್ಟು ಪ್ರಬಂಧಗಳಲ್ಲಿ ನಿಯಮಕ್ಕೆ ಹೊಂದದ ಒಂದಾದರೂ ಚಿತ್ರ ಸಿಕ್ಕಿತು. ಇವುಗಳಲ್ಲಿ ಹೆಚ್ಚಿನವು ಅಜಾಗರೂಕತೆಯವು, ಮೂಲ ಚಿತ್ರದಿಂದ ಮತ್ತೆ ಸರಿಯಾಗಿ ಮಾಡಿಕೊಟ್ಟರೆ ಮುಗಿಯಿತು. ಶೇಕಡ 1ರಷ್ಟರಲ್ಲಿ ಮಾತ್ರ ಮೋಸವೇ ಕಂಡುಬಂತು. ಡಚ್ ಮೂಲದ ಎಲಿಜಬೆತ್ ಬಿಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಇನ್ನೂ ಮುಂದೆ ಹೋದರು. 1995ರಿಂದ 2014ರವರೆಗೆ 40 ನಿಯತಕಾಲಿಕಗಳಲ್ಲಿ ಬಂದ 20,621 ಪ್ರಬಂಧಗಳ ಚಿತ್ರಗಳನ್ನು ಆಕೆ ಬರಿಗಣ್ಣಿನಿಂದ ನೋಡುತ್ತ ಕುಳಿತರು. ಶೇಕಡ 3.8ರಷ್ಟು ಪ್ರಬಂಧಗಳಲ್ಲಿ ಒಂದೇ ಚಿತ್ರ ಬೇರೆ ಬೇರೆ ಹೆಸರಿನಲ್ಲಿ ಬಂದಂಥ ದೋಷಗಳಿದ್ದವು. ಅವುಗಳಲ್ಲಿ ಅರ್ಧದಷ್ಟಾದರೂ ಬೇಕೆಂದೇ ಮಾಡಿದಂತೆ ತೋರುತ್ತಿದ್ದವು ಎಂದು 2016ರಲ್ಲಿ ಆಕೆ ಮತ್ತು ಇಬ್ಬರು ಸಂಗಡಿಗರು ವರದಿ ಮಾಡಿದರು. ತಿರುಗಿಸಿದ ಚಿತ್ರ, ಕನ್ನಡಿಯಲ್ಲಿ ಕಂಡಂತೆ ಮಗುಚಿದ ಚಿತ್ರ, ಅರ್ಧ ಮುಚ್ಚಿ ತೋರಿಸಿದ ಚಿತ್ರ — ಎಲ್ಲವೂ ಆಕೆಯ ಕಣ್ಣಿಗೆ ಬಿದ್ದವು. ಮಕ್ಕಳ ಪತ್ರಿಕೆಗಳಲ್ಲಿ ಬರುವ 'ಆರು ವ್ಯತ್ಯಾಸ ಗುರುತಿಸಿ' ಆಟದ ತಿರುವುಮುರುವು ಇದು. ಇಲ್ಲಿ ಹುಡುಕಬೇಕಾದ್ದು ವ್ಯತ್ಯಾಸವನ್ನಲ್ಲ, ಇರಬಾರದ ಹೋಲಿಕೆಯನ್ನು.

ಹೋಲಿಕೆಯಿಂದ ಅನುಮಾನ ಏಕೆ ಬರಬೇಕು ಎಂಬುದಕ್ಕೆ ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಪ್ರಸಂಗ ಒಳ್ಳೆಯ ಪಾಠ. ಅಲ್ಲಿ ಚಿತ್ರದ ಬದಲು ಅಳತೆಯ ಅಂಕಿಗಳಿದ್ದವು. 2018ರ ಜುಲೈನಲ್ಲಿ ಸಂಸ್ಥೆಯ ಇಬ್ಬರು ಸಂಶೋಧಕರು, ಚಿನ್ನ ಬೆಳ್ಳಿಯ ಅತಿಸೂಕ್ಷ್ಮ ಕಣಗಳಲ್ಲಿ 236 ಕೆಲ್ವಿನ್, ಅಂದರೆ ಸೊನ್ನೆಗಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲೇ, ವಿದ್ಯುತ್ತು ತಡೆಯಿಲ್ಲದೆ ಹರಿಯುವ ಅತಿವಾಹಕತೆ ಕಾಣುತ್ತದೆಂದು ಪ್ರಕಟಿಸಿದರು. ಸಹಜ ಒತ್ತಡದಲ್ಲಿ ಅಷ್ಟು ಹೆಚ್ಚಿನ ಉಷ್ಣತೆಯ ಅತಿವಾಹಕ ಜಗತ್ತಿನಲ್ಲೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಅಮೆರಿಕದ ಎಂ.ಐ.ಟಿ.ಯ ಬ್ರಯನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ಒಂದು ಸಂಗತಿಯತ್ತ ಬೆರಳು ತೋರಿದರು. ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ತೆಗೆದ ಎರಡು ಅಳತೆಗಳ ನಕ್ಷೆಯಲ್ಲಿ ಬಿಂದುಗಳ ಚಿಕ್ಕಪುಟ್ಟ ಏರಿಳಿತ ಒಂದೇ ತೆರನಾಗಿತ್ತು.

ಯಾವ ಅಳತೆಯಲ್ಲೂ ಒಂದಿಷ್ಟು ನಡುಗು ಇದ್ದೇ ಇರುತ್ತದೆ. ಆ ನಡುಗು ಚೌಕಾಬಾರದ ಕವಡೆ ಇದ್ದ ಹಾಗೆ. ಒಂದು ಆಟದಲ್ಲಿ ಮೂರು, ಎಂಟು, ಒಂದು, ಎರಡು ಬಿತ್ತು. ಇನ್ನೊಂದು ಆಟದಲ್ಲೂ ಅದೇ ಕ್ರಮದಲ್ಲಿ ಇಪ್ಪತ್ತು ಸಲ ಬಿತ್ತೆಂದು ಯಾರಾದರೂ ಹೇಳಿದರೆ ಪಕ್ಕದಲ್ಲಿ ಕುಳಿತ ಅಜ್ಜಿಯೂ ಕನ್ನಡಕ ಸರಿಮಾಡಿಕೊಳ್ಳುತ್ತಾಳೆ. ಇದರರ್ಥ ಮೋಸವಾಗಿದೆ ಎಂದೇ ಅಲ್ಲ. ಉಪಕರಣದ ದೋಷ ಇರಬಹುದು, ಅಂಕಿ ಸಾಗಿಸುವಾಗ ಆದ ಎಡವಟ್ಟಿರಬಹುದು, ಯಾರೂ ಊಹಿಸದ ಹೊಸ ಕಾರಣವೂ ಇರಬಹುದು. ಸ್ಕಿನ್ನರ್ ಕೂಡ ಆರೋಪ ಹೊರಿಸದೆ ಪ್ರಶ್ನೆಯನ್ನಷ್ಟೇ ಇಟ್ಟರು. ಬೆಂಗಳೂರಿನ ಸಂಶೋಧಕರು ತಮ್ಮ ಮಾತಿಗೆ ಅಂಟಿಕೊಂಡರು. 2019ರ ಮೇ ತಿಂಗಳಲ್ಲಿ ಇನ್ನೂ ಹಲವರನ್ನು ಸೇರಿಸಿಕೊಂಡು ಹೆಚ್ಚಿನ ಅಳತೆಗಳೊಡನೆ ಪ್ರಬಂಧವನ್ನು ಮತ್ತೆ ಹೊರತಂದರು. ಆದರೂ ಆ ಅತಿವಾಹಕ ಎಲ್ಲರೂ ಒಪ್ಪಿದ ಸತ್ಯವಾಗಲಿಲ್ಲ. ಪ್ರಯೋಗಚಿತ್ರದಲ್ಲೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಜೆಲ್ಲಿನ ಹಿನ್ನೆಲೆಯಲ್ಲಿರುವ ಮರಳಿನಂಥ ಕಾಳು, ಗುಳ್ಳೆ, ಗೀರು ಇವು ಎರಡು ಕಡೆ ಒಂದೇ ತೆರನಾಗಿ ಬರಲಾರವು. ಬಂದಿದ್ದರೆ ಒಂದು ಇನ್ನೊಂದರ ನಕಲು ಇರಬೇಕು. ತಿದ್ದುವವರು ಕಪ್ಪು ಪಟ್ಟಿಯ ಮೇಲೆ ಗಮನವಿಡುತ್ತಾರೆ. ಸುಳಿವು ಬಿಡುವುದು ಬೂದು ಹಿನ್ನೆಲೆ.

ಇಂಥದ್ದನ್ನು ಕೆದಕಲು ದೊಡ್ಡ ವಿಜ್ಞಾನಿಯೇ ಆಗಬೇಕೆಂದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 2022ರಲ್ಲಿ ಥಿಯೋ ಬೇಕರ್ ಎಂಬ ಮೊದಲ ವರ್ಷದ ವಿದ್ಯಾರ್ಥಿ, ವಿದ್ಯಾರ್ಥಿಗಳ ದಿನಪತ್ರಿಕೆಯಲ್ಲಿ, ವಿಶ್ವವಿದ್ಯಾನಿಲಯದ ಅಧ್ಯಕ್ಷರ ಹಳೆಯ ನರವಿಜ್ಞಾನ ಪ್ರಬಂಧಗಳ ಚಿತ್ರಗಳ ಬಗ್ಗೆ ಬರೆದ. ಅಧ್ಯಕ್ಷ ಮಾರ್ಕ್ ಟೆಸಿಯೆ ಲವಿನ್ ಸ್ವತಃ ಚಿತ್ರ ತಿದ್ದಿಲ್ಲ, ಆದರೆ ತಪ್ಪುಗಳು ಗಮನಕ್ಕೆ ಬಂದಾಗ ಗಟ್ಟಿಯಾಗಿ ನಿಂತು ಸರಿಪಡಿಸಲಿಲ್ಲ ಎಂದು ತನಿಖಾ ಸಮಿತಿ ಹೇಳಿತು. 2023ರಲ್ಲಿ ಅವರು ಹುದ್ದೆ ಬಿಟ್ಟರು, ಕೆಲವು ಪ್ರಬಂಧಗಳು ಹಿಂದೆ ಬಂದವು. ಮೊದಲ ವರ್ಷದ ಹುಡುಗನೊಬ್ಬ ತನ್ನ ವಿಶ್ವವಿದ್ಯಾನಿಲಯದ ಮುಖ್ಯಸ್ಥರನ್ನೇ ಪ್ರಶ್ನಿಸಿದರೆ ನಮ್ಮ ಕಾಲೇಜುಗಳಲ್ಲಿ ಏನಾದೀತು ಎಂಬುದನ್ನು ಓದುಗರ ಊಹೆಗೇ ಬಿಡುವುದು ಲೇಸು!

ಹಿಂತೆಗೆತ ಎಂದ ಕೂಡಲೇ ಕಳ್ಳತನ ಸಿಕ್ಕಿಬಿದ್ದಂತೆ ನೋಡುವುದೂ ತಪ್ಪು. ಪ್ರಾಮಾಣಿಕ ತಪ್ಪಿಗೂ ಪ್ರಬಂಧ ಹಿಂತೆಗೆಯುವುದುಂಟು. 2018ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದ ಫ್ರಾನ್ಸಿಸ್ ಆರ್ನಾಲ್ಡ್ ಮರುವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಕಿಣ್ವಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಹೇಳಿದ ಫಲ ಮತ್ತೆ ಮಾಡಿದಾಗ ಬರಲಿಲ್ಲ. 2020ರ ಜನವರಿಯಲ್ಲಿ ಆಕೆ ಪ್ರಬಂಧವನ್ನು ಹಿಂದಕ್ಕೆ ಪಡೆದರು. ತಾನು ಆಗ ಬೇರೆ ಕೆಲಸಗಳಲ್ಲಿ ಮುಳುಗಿದ್ದೆ, ಈ ಕೆಲಸವನ್ನು ಸರಿಯಾಗಿ ಮಾಡಲಿಲ್ಲ ಎಂದು ಬಹಿರಂಗವಾಗಿ ಕ್ಷಮೆ ಕೇಳಿದರು. ನೊಬೆಲ್ ಬಂದ ಮೇಲೆ ಹೀಗೆ ಹೇಳುವುದು ಸುಲಭವಲ್ಲ. ಆ ಹಿಂತೆಗೆತದ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು: ಮುಖ್ಯ ಪ್ರಯೋಗಗಳ ಬಗ್ಗೆ ಪ್ರಯೋಗಪುಸ್ತಕದಲ್ಲಿ ಆಯಾ ದಿನವೇ ಬರೆದಿರಬೇಕಾದ ಟಿಪ್ಪಣಿಗಳು ಮತ್ತು ಮೂಲ ದತ್ತಾಂಶ ಕಾಣಸಿಗಲಿಲ್ಲ.

ಪ್ರಯೋಗಪುಸ್ತಕದ ಮಾತು ಬಂದಮೇಲೆ ನಮ್ಮ ಊರಿನ ಕಾಲೇಜುಗಳ ಕಡೆಗೂ ಒಮ್ಮೆ ನೋಡಬೇಕು. ಪಿ.ಯು.ಸಿ. ವಿಜ್ಞಾನದ ಮಕ್ಕಳಿಗೆ ಎರಡು ಪುಸ್ತಕಗಳಿರುತ್ತವೆ. ಪ್ರಯೋಗ ಮಾಡುವಾಗಲೇ ಗೀಚಿಕೊಳ್ಳುವ ಅಬ್ಸರ್ವೇಶನ್ ಪುಸ್ತಕ ಒಂದು, ಮನೆಯಲ್ಲಿ ಕುಳಿತು ಅಂದವಾಗಿ ಬರೆಯುವ ರೆಕಾರ್ಡ್ ಪುಸ್ತಕ ಇನ್ನೊಂದು. ಸಹಿ ಬೀಳುವುದು, ಅಂಕ ಬರುವುದು, ಬ್ರೌನ್ ಕಾಗದದ ಹೊದಿಕೆ ಹಾಕಿಸಿಕೊಳ್ಳುವುದು ರೆಕಾರ್ಡು. ಪರ್ಮಾಂಗನೇಟ್ ಟೈಟ್ರೇಶನ್ನಿನಲ್ಲಿ ಮೂರು ಸಲ ಅಳೆದಾಗ 10.1, 10.4, 10.2 ಎಂದು ಬಂದಿರುತ್ತದೆ. ರೆಕಾರ್ಡಿಗೆ ಬರುವಷ್ಟರಲ್ಲಿ ಅದು 10.2, 10.2, 10.2 ಆಗಿರುತ್ತದೆ! ಲೋಲಕದ ಪ್ರಯೋಗದಲ್ಲಿ 9.8 ಬರಲೇಬೇಕೆಂದು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಆಂದೋಲನದ ಕಾಲವನ್ನು ತುಂಬಿಸುವವರೂ ಇದ್ದಾರೆ. ಹಿಂದಿನ ವರ್ಷದ ಅಣ್ಣನ ರೆಕಾರ್ಡನ್ನು ತಂದು ರಾತ್ರಿಯಿಡೀ ನಕಲು ಮಾಡುವ ಮಗನಿಗೆ ಹಾಲು ಕಾಯಿಸಿಕೊಡುವ ತಾಯಿಯೂ, ಚಿತ್ರ ಬರೆದುಕೊಡುವ ಅಕ್ಕನೂ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳು ಬಿಡುವಂಥವಲ್ಲವಲ್ಲ.

ಮಕ್ಕಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. 10.4 ಎಂದು ಇದ್ದುದನ್ನು ಇದ್ದ ಹಾಗೆ ಬರೆದವನಿಗೆ ಅರ್ಧ ಅಂಕ ಕಡಿಮೆ, 10.2 ಎಂದು ಮೂರು ಸಲ ಬರೆದವನಿಗೆ ಪೂರ್ತಿ ಅಂಕ ಎಂದಾದರೆ ಯಾವ ಹುಡುಗ ಏನು ಕಲಿತಾನು? ಮೇಲಿನ ಹಂತದಲ್ಲೂ ಕಥೆ ಬೇರೆಯಲ್ಲ. ಪಿಎಚ್.ಡಿ. ಸಲ್ಲಿಸುವ ಮೊದಲು ಪ್ರಬಂಧ ಪ್ರಕಟವಾಗಿರಲೇಬೇಕು ಎಂಬ ಯು.ಜಿ.ಸಿ. ನಿಯಮ ವರ್ಷಗಳ ಕಾಲ ಇತ್ತು. 2022ರ ನಿಯಮಾವಳಿಯಲ್ಲಿ ಅದನ್ನು ಕೈಬಿಡಲಾಯಿತು. 2018ರಲ್ಲಿ ಬಂದ ಕೃತಿಚೌರ್ಯ ತಡೆ ನಿಯಮಗಳು ಎಷ್ಟು ಶೇಕಡ ಪದಗಳು ಬೇರೆಯವರ ಬರಹಕ್ಕೆ ಹೋಲುತ್ತವೆ ಎಂದು ಅಳೆದು ಶಿಕ್ಷೆ ಹೇಳುತ್ತವೆ. ಚಿತ್ರ ತಿದ್ದಿದರೆ ಏನು ಎಂಬುದಕ್ಕೆ ಆ ಅಳತೆಗೋಲಿನಲ್ಲಿ ಜಾಗವಿಲ್ಲ. 2025ರಿಂದ ದೇಶದ ಶಿಕ್ಷಣ ಸಂಸ್ಥೆಗಳ ರ‍್ಯಾಂಕಿಂಗಿನಲ್ಲಿ ಹಿಂತೆಗೆದ ಪ್ರಬಂಧಗಳಿಗೆ ಅಂಕ ಕಳೆಯುವ ಕ್ರಮ ಬಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಆರ್ನಾಲ್ಡ್ ಅವರಂತೆ ತಾವಾಗಿಯೇ ಮುಂದೆ ಬಂದು ತಪ್ಪೊಪ್ಪಿಕೊಂಡವರಿಗೂ, ಸಿಕ್ಕಿಬಿದ್ದವರಿಗೂ ಒಂದೇ ಕಡಿತ ಎಂದಾದರೆ, ತಪ್ಪನ್ನು ಮುಚ್ಚಿಡುವುದೇ ಲಾಭ ಎಂದು ಸಂಸ್ಥೆಗಳು ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ.

ಜಿ.ಕೆ.ವಿ.ಕೆ. ಆವರಣದಿಂದ ಹೊರಟ ಆ ಪ್ರಬಂಧವನ್ನು ಪತ್ರಿಕೆಯವರು ಕಡತದಿಂದ ಕಿತ್ತು ಎಸೆದಿಲ್ಲ. ಹಿಂತೆಗೆದ ಪ್ರಬಂಧವನ್ನು ಇದ್ದ ಜಾಗದಲ್ಲೇ ಉಳಿಸಿ, 'ಹಿಂತೆಗೆದುಕೊಳ್ಳಲಾಗಿದೆ' ಎಂಬ ಗುರುತು ಹಾಕಿ, ಕಾರಣ ತಿಳಿಸುವ ಪ್ರಕಟಣೆಯನ್ನು ಜೊತೆಗಿಡುವುದು ವಾಡಿಕೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದಾಗ ಹಳೆಯ ಕಾಲದ ಶಾನುಭೋಗರು ಅದನ್ನು ಕೆರೆದು ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕುತ್ತಿದ್ದರು. ಪ್ರಯೋಗಾಲಯದ ಪುಸ್ತಕದಲ್ಲೂ ನಿಯಮ ಅದೇ: ರಬ್ಬರು ಮುಟ್ಟುವಂತಿಲ್ಲ, ಹಾಳೆ ಹರಿಯುವಂತಿಲ್ಲ, ತಾರೀಖು ಬಿಡುವಂತಿಲ್ಲ.

ಇದನ್ನು ಓದಿದ ಪೋಷಕರು ಮನೆಯಲ್ಲಿ ಮಗಳ ಅಥವಾ ಮಗನ ರೆಕಾರ್ಡಿನ ಜೊತೆಗೆ ಆ ಅಬ್ಸರ್ವೇಶನ್ ಪುಸ್ತಕವನ್ನೂ ಒಮ್ಮೆ ಕೇಳಿ ತೆರೆದು ನೋಡಬಹುದು. ಅಕ್ಷರ ಸೊಟ್ಟಗಿರುತ್ತದೆ, ಪರ್ಮಾಂಗನೇಟಿನ ಕಂದು ಕಲೆ ಬಿದ್ದಿರುತ್ತದೆ, ಎಲ್ಲೋ ಒಂದು ಕಡೆ 10.4 ಎಂದು ಬರೆದು ಒಂದು ಗೆರೆ ಎಳೆದಿರಬಹುದು. ಆ ಗೆರೆಯ ಪಕ್ಕದಲ್ಲಿ ಏನು ಬರೆದಿದೆ ಎಂದು ಮಗುವನ್ನೇ ಕೇಳಬೇಕು.